ಹಳೆಯ ಕ್ವಾಡ್ ಬೈಕ್‌ನಲ್ಲಿ ಒಂದರ ಮೇಲೊಂದು ಎಲೆಕ್ಟ್ರಿಕಲ್ ತೊಂದರೆ: ಇಡೀ ವೈರಿಂಗ್ ಬದಲಾಯಿಸಬೇಕೇ?

ಸೆಕೆಂಡ್‌ಹ್ಯಾಂಡ್ ಕ್ವಾಡ್ ಬೈಕ್ ಕೊಂಡಿದ್ದೀರಿ. ಸ್ಟಾರ್ಟ್ ಗುಂಡಿ ಒತ್ತಿದರೆ ಕೆಲವು ಸಲ ‘ಟಕ್’ ಎಂಬ ಸದ್ದಷ್ಟೇ ಬರುತ್ತದೆ, ಹ್ಯಾಂಡಲ್ ತಿರುಗಿಸುವಾಗ ಆಗಾಗ ಫ್ಯೂಸ್ ಹೋಗುತ್ತದೆ, ಕೆಲವು ದಿನ ನಿಲ್ಲಿಸಿಟ್ಟರೆ ಬ್ಯಾಟರಿ ಇಳಿದಿರುತ್ತದೆ, ಹೊಸ ಬ್ಯಾಟರಿ ಹಾಕಿದರೂ ಸರಿಹೋಗಲಿಲ್ಲ, ಹಾಗಾದರೆ ಇಡೀ ವೈರಿಂಗ್ ಬದಲಾಯಿಸಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಕ್ವಾಡ್ ಬೈಕ್‌ಗಳ ವೈರಿಂಗ್ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿರುವ ನಾನು ಕಂಡಂತೆ, ಇಂತಹ ಗಾಡಿಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಎರಡು ಮೂರು ಜಾಗಗಳಷ್ಟೇ, ಮತ್ತು ಆ ಜಾಗಗಳನ್ನು ಒಂದು ಸಾಧಾರಣ ಮಲ್ಟಿಮೀಟರ್‌ನಿಂದಲೇ ಪತ್ತೆ ಹಚ್ಚಬಹುದು.

ಮೊದಲಿಗೆ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಟ್ಟು ನಿಲ್ಲಿಸಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ತಂತಿಯನ್ನೇ ಮೊದಲು ತೆಗೆಯಬೇಕು. ಪಾಸಿಟಿವ್ ಬೋಲ್ಟ್ ಮೊದಲು ಸಡಿಲಿಸುವಾಗ ಸ್ಪ್ಯಾನರ್ ಚಾಸಿಗೆ ತಗುಲಿದರೆ ನೇರ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಆಮೇಲೆ ಹಿಂದಿನ ಮಾಲೀಕರು ಸೇರಿಸಿರುವ ಹೆಚ್ಚುವರಿ ದೀಪ, ಹಾರ್ನ್, ವಿಂಚ್, ಮೊಬೈಲ್ ಚಾರ್ಜರ್ ಯಾವುದಿದ್ದರೂ ಅದರ ಸಂಪರ್ಕವನ್ನು ತೆಗೆದುಬಿಡಿ. ಮೂಲ ತಂತಿಯ ಸಿಪ್ಪೆ ಸುಲಿದು, ಇನ್ನೊಂದು ತಂತಿಯನ್ನು ಕೈಯಲ್ಲೇ ತಿರುಚಿ, ಟೇಪು ಸುತ್ತಿದ ಜೋಡಣೆ ಎಲ್ಲಿ ಕಂಡರೂ ಅದನ್ನು ಅನುಮಾನದಿಂದಲೇ ನೋಡಿ.

ಇನ್ನು ‘ಟಕ್’ ಸದ್ದಿನ ವಿಷಯ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಅಥವಾ ತುಸು ಹೆಚ್ಚು ಇರಬೇಕು, ಸ್ಟಾರ್ಟ್ ಗುಂಡಿ ಒತ್ತಿದಾಗ ಅದು ಸುಮಾರು 10 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಟಕಟಕನೆ ಒಂದೇ ಸಮನೆ ಬಡಿದುಕೊಂಡರೆ ರಿಲೇಗೆ (ಗುಂಡಿ ಒತ್ತಿದಾಗ ಬ್ಯಾಟರಿಯನ್ನು ಸ್ಟಾರ್ಟರ್ ಮೋಟಾರ್‌ಗೆ ಜೋಡಿಸುವ ಸ್ವಿಚ್) ಸಿಗುವ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ, ಅಂದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ದುರ್ಬಲವಾಗಿದೆ. ಸದ್ದೇ ಬರದಿದ್ದರೆ ಕಿಲ್ ಸ್ವಿಚ್ (ಎಂಜಿನ್ ಆರಿಸುವ ಗುಂಡಿ), ಬ್ರೇಕ್ ಲಿವರ್ ಸ್ವಿಚ್, ನ್ಯೂಟ್ರಲ್ ಸ್ವಿಚ್ ಇವುಗಳತ್ತ ನೋಡಬೇಕು. ನೀವು ಹೇಳಿದಂತೆ ಒಂದೇ ‘ಟಕ್’ ಬಂದು ಮೋಟಾರ್ ತಿರುಗದಿದ್ದರೆ, ರಿಲೇ ಎಳೆದುಕೊಂಡಿದೆ, ಆದರೆ ದಪ್ಪ ಕೇಬಲ್‌ಗಳ ದಾರಿಯಲ್ಲೋ ಮೋಟಾರ್‌ನಲ್ಲೋ ಕರೆಂಟು ತಡೆಯುತ್ತಿದೆ.

ಇಲ್ಲಿ ಹಲವರು, ತಂತಿ ತುಂಡಾಗಿಲ್ಲ ಎಂದು ತಿಳಿಸುವ ಮೀಟರ್‌ನ ಬೀಪ್ ನಂಬಿ ಮೋಸಹೋಗುತ್ತಾರೆ. ಹತ್ತಾರು ಎಳೆಗಳ ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಅದು ಹರಿಸುವ ಕರೆಂಟು ಅತ್ಯಲ್ಪ. ಸ್ಟಾರ್ಟರ್ ಮೋಟಾರ್ 80 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಕೇಬಲ್‌ನಲ್ಲಿ ಕೇವಲ 0.05 ಓಮ್ ಹೆಚ್ಚುವರಿ ತಡೆ ಇದ್ದರೂ 4 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಲೋಡ್ ಇರುವಾಗಲೇ ವೋಲ್ಟೇಜ್ ಎಷ್ಟು ಬೀಳುತ್ತದೆ ಎಂದು ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೆಂಪನ್ನು ಎಂಜಿನ್‌ನ ಬಣ್ಣವಿಲ್ಲದ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಸ್ಟಾರ್ಟ್ ಗುಂಡಿ ಒತ್ತಿಸಿ. ಆ ಕ್ಷಣದಲ್ಲಿ 0.2 ವೋಲ್ಟ್ ಆಸುಪಾಸು ತೋರಿಸಿದರೆ ಅರ್ಥಿಂಗ್, ಅಂದರೆ ಎಂಜಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟು ಮರಳುವ ಕೇಬಲ್‌ನ ದಾರಿ, ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಆ ಕೇಬಲ್ ಅಥವಾ ಅದರ ಬೋಲ್ಟ್ ಕೆಟ್ಟಿದೆ. ಹಾಗೆಯೇ ಪಾಸಿಟಿವ್ ಕಂಬದಿಂದ ರಿಲೇವರೆಗೆ, ರಿಲೇಯ ಎರಡು ದಪ್ಪ ಬೋಲ್ಟ್‌ಗಳ ನಡುವೆ, ರಿಲೇಯಿಂದ ಮೋಟಾರ್‌ವರೆಗೆ ಒಂದೊಂದೇ ಭಾಗವನ್ನು ಅಳೆಯುತ್ತಾ ಹೋಗಿ. ರಿಲೇಯ ಬೋಲ್ಟ್‌ಗಳ ನಡುವೆ ಗುಂಡಿ ಒತ್ತದಿದ್ದಾಗ ಪೂರ್ತಿ 12 ವೋಲ್ಟ್ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಗುಂಡಿ ಒತ್ತಿದಾಗಲೂ ಒಂದು ವೋಲ್ಟ್‌ಗಿಂತ ಹೆಚ್ಚು ಉಳಿದರೆ ರಿಲೇಯೊಳಗಿನ ಸಂಪರ್ಕ ಸುಟ್ಟಿದೆ.

ಇತ್ತೀಚೆಗೆ ನನ್ನ ಬಳಿ ಬಂದ ಒಂದು ಗಾಡಿಯಲ್ಲಿ ಅರ್ಥಿಂಗ್ ಕೇಬಲ್ ಹೊರಗಿನಿಂದ ಹೊಸದರಂತೆ ಇತ್ತು. ಬೋಲ್ಟ್‌ಗೆ ಕೂರುವ ಲಗ್‌ನಿಂದ ಎರಡು ಬೆರಳಿನಷ್ಟು ದೂರದಲ್ಲಿ ಬಗ್ಗಿಸಿದಾಗ ಮಾತ್ರ ಅದು ಮೆತ್ತಗೆನಿಸಿತು. ಸಿಪ್ಪೆ ಸೀಳಿ ನೋಡಿದರೆ ಒಳಗೆ ತಾಮ್ರದ ಬದಲು ಹಸಿರು ಪುಡಿ, ಅದರ ನಡುವೆ ಕಪ್ಪಾದ ನಾಲ್ಕಾರು ಎಳೆಗಳು. ಕೆಸರು ನೀರಿನಲ್ಲಿ ಓಡಿ, ಮೇಲೆ ಜೋರು ನೀರಿನ ಪೈಪಿನಲ್ಲಿ ತೊಳೆಸಿಕೊಳ್ಳುವ ಈ ಗಾಡಿಗಳಲ್ಲಿ ನೀರು ಲಗ್‌ನ ಬುಡದಿಂದ ಇಳಿದು ಸಿಪ್ಪೆಯೊಳಗೇ ನಿಲ್ಲುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡಿತೆಂದು ಯಾವ ಕೇಬಲನ್ನೂ ಪಾಸು ಮಾಡಬೇಡಿ ಎನ್ನುವುದು ಇದಕ್ಕೇ.

ಹ್ಯಾಂಡಲ್ ತಿರುಗಿಸುವಾಗ ಫ್ಯೂಸ್ ಹೋಗುತ್ತದೆ ಎಂಬ ನಿಮ್ಮ ಮಾತೇ ಅರ್ಧ ಉತ್ತರ. ಹ್ಯಾಂಡಲ್‌ನಿಂದ ಕೆಳಗಿಳಿಯುವ ತಂತಿಗಳ ಕಟ್ಟು ಚಾಸಿಗೆ ಉಜ್ಜುವ ಜಾಗದಲ್ಲಿ ಯಾವುದೋ ತಂತಿಯ ಸಿಪ್ಪೆ ಸವೆದಿರುವ ಸಾಧ್ಯತೆಯೇ ಹೆಚ್ಚು. ಪದೇ ಪದೇ ಫ್ಯೂಸ್ ಹಾಕುವ ಬದಲು, ಫ್ಯೂಸ್ ಕೂರುವ ಎರಡು ಕಾಲುಗಳ ನಡುವೆ 12 ವೋಲ್ಟ್ 21 ವ್ಯಾಟ್‌ನ ಒಂದು ಬಲ್ಬನ್ನು ಜೋಡಿಸಿ. ಹೆಡ್‌ಲೈಟ್ ಮತ್ತು ಇತರ ದೀಪಗಳ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಹ್ಯಾಂಡಲನ್ನು ನಿಧಾನವಾಗಿ ಎರಡೂ ಕಡೆಗೆ ತಿರುಗಿಸಿ. ಶಾರ್ಟ್ ಆದ ಕ್ಷಣವೇ ಬಲ್ಬ್ ಪ್ರಖರವಾಗಿ ಉರಿಯುತ್ತದೆ. ಕರೆಂಟು ಎರಡು ಆಂಪಿಯರ್ ಕೂಡ ದಾಟದ ಕಾರಣ ತಂತಿ ಸುಡುವುದಿಲ್ಲ. ಹಾಗೇ ಹಿಡಿದು ತಂತಿಯ ಕಟ್ಟನ್ನು ಅಲ್ಲಲ್ಲಿ ಅಲುಗಿಸಿದರೆ, ಬಲ್ಬ್ ಆರುವ ಜಾಗದಲ್ಲೇ ದೋಷವಿರುತ್ತದೆ. 15 ಆಂಪಿಯರ್ ಫ್ಯೂಸ್ ಹೋಗುತ್ತದೆಂದು 30ರದ್ದನ್ನು ದಯವಿಟ್ಟು ಹಾಕಬೇಡಿ. ಫ್ಯೂಸ್ ಕಾಯುವುದು ತಂತಿಯನ್ನು. ಅದು ಹೋಗದಿದ್ದರೆ ಪೆಟ್ರೋಲ್ ಟ್ಯಾಂಕಿನ ಕೆಳಗೇ ತಂತಿ ಹೊತ್ತಿಕೊಳ್ಳುತ್ತದೆ.

ಬ್ಯಾಟರಿ ಇಳಿಯುವುದಕ್ಕೆ ಎರಡು ಕಾರಣಗಳಿರಬಹುದು: ಚಾರ್ಜ್ ಆಗುತ್ತಿಲ್ಲ, ಇಲ್ಲವೇ ನಿಂತಲ್ಲೇ ಸೋರುತ್ತಿದೆ. ಎಂಜಿನ್ ಚಾಲೂ ಮಾಡಿ ವೇಗವನ್ನು ನಿಮಿಷಕ್ಕೆ 3000ದಿಂದ 4000 ಸುತ್ತಿಗೆ ಏರಿಸಿದಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಏರಿಕೆಯೇ ಇಲ್ಲದಿದ್ದರೆ ಸ್ಟೇಟರ್‌ನಿಂದ (ಎಂಜಿನ್ ಓಡುವಾಗ ಕರೆಂಟು ಉತ್ಪಾದಿಸುವ ಸುರುಳಿ) ಬರುವ ಕನೆಕ್ಟರನ್ನು ಬಿಚ್ಚಿ ನೋಡಿ. ಬಹುತೇಕ ಗಾಡಿಗಳಲ್ಲಿ ಅಲ್ಲಿ ಒಂದೇ ಬಣ್ಣದ ಮೂರು ತಂತಿಗಳಿರುತ್ತವೆ, ಪ್ರತಿ ಜೋಡಿಯ ನಡುವೆ ಒಂದೇ ಸಮನಾದ ಕಡಿಮೆ ಓಮ್ ಇರಬೇಕು, ಮೂರರಲ್ಲಿ ಯಾವುದಕ್ಕೂ ಚಾಸಿಯೊಂದಿಗೆ ಸಂಪರ್ಕ ಇರಬಾರದು. ಆ ಕನೆಕ್ಟರ್‌ನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕರಗಿದಂತಿದ್ದರೆ ದೋಷ ಅಲ್ಲೇ ಸಿಕ್ಕಿರಬಹುದು. ಸೋರಿಕೆ ನೋಡಲು ಕೀ ಆಫ್ ಮಾಡಿ, ನೆಗೆಟಿವ್ ಕಂಬ ಮತ್ತು ಅದರ ತಂತಿಯ ನಡುವೆ ಮೀಟರನ್ನು 10 ಆಂಪಿಯರ್ ವಿಭಾಗದಲ್ಲಿ ಜೋಡಿಸಿ. ಕೆಲವು ಮಿಲಿಆಂಪಿಯರ್ ಸಹಜ. 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್‌ಅವರ್ ಹೋಗುತ್ತದೆ, 12 ಆಂಪಿಯರ್‌ಅವರ್‌ನ ಬ್ಯಾಟರಿ ಹತ್ತು ದಿನಕ್ಕೆ ಖಾಲಿ. ಫ್ಯೂಸ್‌ಗಳನ್ನೂ ಆಮೇಲೆ ರೆಗ್ಯುಲೇಟರ್ ಕನೆಕ್ಟರನ್ನೂ ಒಂದೊಂದಾಗಿ ತೆಗೆಯುತ್ತಾ ಅಂಕಿ ಯಾವಾಗ ಬೀಳುತ್ತದೆ ನೋಡಿ. ಮೀಟರ್ ಹಾಗೆ ಜೋಡಿಸಿರುವಾಗ ಸ್ಟಾರ್ಟ್ ಗುಂಡಿಯನ್ನು ಮಾತ್ರ ಮುಟ್ಟಬೇಡಿ, ಮೀಟರಿನ ಫ್ಯೂಸೇ ಹೋಗುತ್ತದೆ.

ದೋಷ ಸಿಕ್ಕಿದ ಮೇಲೆ ತಾಮ್ರ ಹೊಳೆಯುವಷ್ಟು ಹಿಂದಕ್ಕೆ ತಂತಿಯನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಅದುಮಿ ಜೋಡಿಸಿ), ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗುವ ಹೀಟ್‌ಶ್ರಿಂಕ್ ಟ್ಯೂಬ್ ಹಾಕಿ ಮುಚ್ಚಿ. ಹ್ಯಾಂಡಲ್ ಬಳಿ ಪೂರ್ತಿ ತಿರುಗಿದಾಗಲೂ ಬಿಗಿಯಾಗದಷ್ಟು ಸಡಿಲ ಬಿಡಿ. ಒಂದು ಅಡಿ ಉದ್ದಕ್ಕೂ ಹಲವು ತಂತಿಗಳ ತಾಮ್ರ ಕಪ್ಪಾಗಿದ್ದರೆ, ಅಥವಾ ಸಿಪ್ಪೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದರೆ, ಆಗ ಮಾತ್ರ ಇಡೀ ವೈರಿಂಗ್ ಬದಲಾಯಿಸುವ ಯೋಚನೆ ಮಾಡಿ. ಎಂಜಿನ್‌ಗೆ ಹೋಗುವ ಅರ್ಥಿಂಗ್ ಕೇಬಲ್‌ನ ಅಳತೆಯಿಂದ ಶುರುಮಾಡಿ, ಬಂದ ಅಂಕಿಗಳನ್ನು ಗಾಡಿಯ ಮಾಡೆಲ್ ಮತ್ತು ವರ್ಷದೊಂದಿಗೆ ಇಲ್ಲಿ ಬರೆಯಿರಿ, ಮುಂದೆ ಯಾವ ತಂತಿಯನ್ನು ನೋಡಬೇಕೆಂದು ತಿಳಿಸುತ್ತೇನೆ.