ಬರಗಾಲ, ದನದ ತೊಟ್ಟಿ, ಗಿಲಿಕೆ ಹಾವು: ಟೆಕ್ಸಸ್‌ನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಟೆಕ್ಸಸ್‌ನಲ್ಲಿ ಸ್ಯಾನ್ ಆಂಟೋನಿಯೊದ ನೈಋತ್ಯಕ್ಕೆ ನಮ್ಮದೊಂದು ಸಣ್ಣ ರಾಂಚ್ ಇದೆ. ದನ, ಎರಡು ಕುದುರೆ, ಒಂದು ನಾಯಿ ಸಾಕಿದ್ದೇವೆ. ಮಳೆ ಕೈಕೊಟ್ಟು ಎರಡು ವರ್ಷವಾಯಿತು. ಈ ಬೇಸಿಗೆಯಲ್ಲಿ ದನದ ತೊಟ್ಟಿ, ಪಂಪ್ ಮನೆ, ಯಂತ್ರದಲ್ಲಿ ಒತ್ತಿ ಕಟ್ಟಿದ ಹುಲ್ಲಿನ ಬೇಲುಗಳ ಹತ್ತಿರ ಪದೇಪದೇ ಗಿಲಿಕೆ ಹಾವು, ಅಂದರೆ ಬಾಲದ ಗಿಲಿಕೆ ಅಲ್ಲಾಡಿಸುವ ವಿಷದ ರ‍್ಯಾಟಲ್‌ಸ್ನೇಕ್ ಕಾಣಿಸುತ್ತಿವೆ. ಬರದಲ್ಲಿ ಇವುಗಳ ಸಂತತಿ ಹೆಚ್ಚುತ್ತದೆಯೇ? ನಾವೇನು ಮಾಡಬೇಕು?

ಉತ್ತರ: ಹೆಚ್ಚುವುದಿಲ್ಲ, ನಿಜಕ್ಕೂ ಕಡಿಮೆಯಾಗುತ್ತದೆ. ಬರ ಎರಡನೇ ವರ್ಷಕ್ಕೆ ಕಾಲಿಟ್ಟರೆ ಹುಲ್ಲಿನ ಬೀಜವಿಲ್ಲದೆ ಬಯಲಿನ ಇಲಿಗಳು ಕುಸಿಯುತ್ತವೆ. ಇಲಿ ಇಲ್ಲದಿದ್ದರೆ ಹೆಣ್ಣು ಹಾವಿಗೆ ಮರಿ ಹಾಕುವಷ್ಟು ಕೊಬ್ಬು ಕೂಡುವುದಿಲ್ಲ, ಆ ವರ್ಷ ಅದು ಮರಿಯನ್ನೇ ಹಾಕದೆ ಬಿಡುತ್ತದೆ. ಆದರೆ ನಿಮ್ಮ ಜಾಗದಲ್ಲಿ ಈಗ ಸುತ್ತಮುತ್ತ ಎಲ್ಲೂ ಇಲ್ಲದ ಮೂರು ಸಂಗತಿಗಳಿವೆ: ನೀರು, ನೆರಳು, ಮೇವಿನ ಮೇಲೆ ಬದುಕುವ ಇಲಿ. ಬಯಲಿನಲ್ಲಿ ಚದುರಿದ್ದ ಹಾವುಗಳು ಇವುಗಳ ಸುತ್ತ ಬಂದು ಸೇರಿವೆ. ಹಾಗಾಗಿ ಹಾವಿನ ಬೆನ್ನು ಹತ್ತುವುದಕ್ಕಿಂತ ಈ ಮೂರನ್ನು ಸರಿಪಡಿಸುವುದರಲ್ಲೇ ನಿಮ್ಮ ಶ್ರಮ ಹೋಗಲಿ.

ನಿಮ್ಮ ಕಡೆ ಕಾಣುವ ಗಿಲಿಕೆ ಹಾವಿನ ಜಾತಿ ಬಹುತೇಕ ವೆಸ್ಟರ್ನ್ ಡೈಮಂಡ್‌ಬ್ಯಾಕ್. ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಅಡಿ ಉದ್ದ, ಬೆನ್ನ ಮೇಲೆ ವಜ್ರಾಕಾರದ ಮಚ್ಚೆ, ಗಿಲಿಕೆಗೆ ಸ್ವಲ್ಪ ಮೇಲೆ ಬಾಲದಲ್ಲಿ ಕಪ್ಪು-ಬಿಳಿ ಪಟ್ಟೆ. ಬೇಟೆಯ ಮೈಯಲ್ಲಿರುವ ನೀರೇ ಹಾವಿಗೆ ಸಾಕು ಎಂದು ಹಲವರು ತಿಳಿದಿದ್ದಾರೆ. ಈ ಜಾತಿಯ ಮೇಲೆ ನಡೆದ ಪ್ರಯೋಗಗಳಲ್ಲಿ ಇಲಿ ತಿಂದರೂ ನೀರಡಿಕೆ ತೀರುವುದಿಲ್ಲ ಎಂದು ಕಂಡುಬಂದಿದೆ. ಅದು ನೀರು ಕುಡಿಯಲೇಬೇಕು. ಮಳೆ ಬಂದಾಗ ಮೈಯನ್ನು ಚಪ್ಪಟೆಯಾಗಿ ಸುತ್ತಿಕೊಂಡು, ಹುರುಪೆಗಳ ಮೇಲೆ ನಿಂತ ಹನಿಗಳನ್ನೇ ಹೀರುತ್ತದೆ. ಮಳೆಯೇ ಇಲ್ಲದಾಗ ಸೋರುವ ತೊಟ್ಟಿಯ ಬುಡವೇ ಅದಕ್ಕೆ ಗತಿ.

ಆದ್ದರಿಂದ ಕೆಲಸ ತೊಟ್ಟಿಯಿಂದ ಶುರುವಾಗಲಿ. ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿದೆಯೇ ನೋಡಿ. ಒಳಗಿನ ರಬ್ಬರ್ ವಾಷರ್ ಸವೆದು ಹಗಲೂ ರಾತ್ರಿ ಒಂದೇ ಸಮನೆ ತೊಟ್ಟಿಕ್ಕುವುದೇ ಹೆಚ್ಚಿನ ಕಡೆ ಇರುವ ತೊಂದರೆ. ಆ ತೇವಕ್ಕೆ ಹುಲ್ಲು ಚಿಗುರುತ್ತದೆ, ಕಪ್ಪೆ ಬರುತ್ತವೆ, ಇಲಿ ಬರುತ್ತವೆ, ಹಿಂದೆಯೇ ಹಾವು. ತೊಟ್ಟಿಯ ಸುತ್ತ ಐದಾರು ಅಡಿ ಅಗಲಕ್ಕೆ ಜಲ್ಲಿ ಅಥವಾ ಅಲ್ಲಿ ಸಿಗುವ ಕಲೀಚೆ ಎಂಬ ಸುಣ್ಣ ಬೆರೆತ ಮಣ್ಣು ಹಾಕಿ ಗಟ್ಟಿಯಾಗಿ ದಮ್ಮಸು ಮಾಡಿಸಿ. ತೊಟ್ಟಿಯ ತಳಕ್ಕೂ ನೆಲಕ್ಕೂ ನಡುವೆ ಸಂದು ಉಳಿಯದಂತೆ ನೋಡಿಕೊಳ್ಳಿ, ಮಧ್ಯಾಹ್ನದ ಬಿಸಿಲಿಗೆ ಹಾವು ಅಡಗುವುದು ಅಲ್ಲೇ. ಹೆಚ್ಚಾದ ನೀರು ಹೊರಹೋಗುವ ಪೈಪನ್ನು ಮನೆ, ಕೊಟ್ಟಿಗೆಗಳಿಂದ ದೂರಕ್ಕೆ ಒಯ್ದು ಅಲ್ಲೊಂದು ತಗ್ಗು ತೊಟ್ಟಿಗೆ ಬಿಟ್ಟರೆ ಕಾಡುಪ್ರಾಣಿಗಳಿಗೂ ನೀರಾಯಿತು, ಹಾವಿಗೂ ಆಯಿತು. ಬರದಲ್ಲಿ ನೀರನ್ನೇ ಕಾಣದಂತೆ ಮಾಡುವುದು ಆಗದ ಮಾತು, ಎಲ್ಲಿ ಸಿಗಬೇಕು ಎಂಬುದನ್ನು ನೀವು ನಿರ್ಧರಿಸಬಹುದು. ಫ್ಲೋಟಿನ ಮುಚ್ಚಳವನ್ನು ಎಂದೂ ಬರಿಗೈಯಲ್ಲಿ ಎತ್ತಬೇಡಿ. ಉದ್ದ ಹಿಡಿಯ ಕೊಕ್ಕೆಯಿಂದ ಎತ್ತಿ, ಒಳಗೆ ನೋಡಿ, ಆಮೇಲೆ ಕೈ ಹಾಕಿ. ಪಂಪ್ ಮನೆಯ ಬಾಗಿಲು, ನೀರಿನ ಮೀಟರಿನ ಪೆಟ್ಟಿಗೆಗೂ ಇದೇ ಕ್ರಮ.

ಹೊರಗಿನಿಂದ ತರಿಸಿ ಒಟ್ಟಿದ ಹುಲ್ಲಿನ ಬೇಲುಗಳು ಬರದಲ್ಲಿ ಇಲಿಗಳಿಗೆ ಊರೇ ಆಗಿಬಿಡುತ್ತವೆ. ಮರದ ಪ್ಯಾಲೆಟ್ ಮೇಲೆ ಒಟ್ಟಿದರೆ ಹುಲ್ಲು ಕೊಳೆಯುವುದಿಲ್ಲ ನಿಜ, ಆದರೆ ಅಡಿಯ ನಾಲ್ಕೈದು ಇಂಚಿನ ಸಂದು ಹಾವಿಗೆ ಹೇಳಿ ಮಾಡಿಸಿದಂತಿರುತ್ತದೆ. ದಪ್ಪ ಜಲ್ಲಿಯ ಹಾಸಿನ ಮೇಲೆ ನೇರವಾಗಿ ಒಟ್ಟುವುದು ಮೇಲು. ದೊಡ್ಡ ಬೇಲನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿದ ಕಬ್ಬಿಣದ ಮುಳ್ಳಿನಿಂದಲೇ ಎಳೆಯಿರಿ, ಒಂದೆರಡು ನಿಮಿಷ ಬಿಟ್ಟು ಸುತ್ತ ನೋಡಿ, ಆಮೇಲೆ ಇಳಿದು ಹುಲ್ಲಿಗೆ ಸುತ್ತಿದ ಬಲೆ ಬಿಚ್ಚಿ. ಬೇಲಿನ ಅಡಿಗೆ ಬೆರಳು ತೂರಿಸಿ ಉರುಳಿಸುವಾಗಲೇ ಕಚ್ಚಿಸಿಕೊಳ್ಳುವುದು. ಹಿಂಡಿ, ಕಾಳು ಎಲ್ಲವೂ ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿರಲಿ, ಚೆಲ್ಲಿದ್ದನ್ನು ಅಂದಂದೇ ಗುಡಿಸಿ. ಇಲಿಗೆ ಪಾಷಾಣಕ್ಕಿಂತ ಬೋನು ವಾಸಿ: ಪಾಷಾಣ ತಿಂದ ಇಲಿಯನ್ನು ತಿಂದು ಕಣಜದ ಗೂಬೆ ಸಾಯುತ್ತದೆ, ಒಂದು ಗೂಬೆ ಕಳೆದುಕೊಂಡರೆ ಮುಂದಿನ ವರ್ಷ ಇಲಿ ಇನ್ನಷ್ಟು.

ನೆಲದಲ್ಲಿ ಬಿದ್ದ ಹಳೆಯ ತಗಡಿನ ಶೀಟನ್ನು ಎತ್ತುವ ಬಗೆಯೂ ಗೊತ್ತಿರಲಿ. ನಿಮ್ಮ ಹತ್ತಿರದ ಅಂಚನ್ನು ಎತ್ತಿದರೆ ಬಾಯಿ ನಿಮ್ಮ ಕಡೆಗೇ ತೆರೆಯುತ್ತದೆ, ಹಾವು ಕಾಲಿಗೆ ಎದುರಾಗುತ್ತದೆ. ಉದ್ದ ಕೊಕ್ಕೆಯನ್ನು ಆಚೆಯ ಅಂಚಿಗೆ ಸಿಕ್ಕಿಸಿ ನಿಮ್ಮತ್ತ ಎಳೆಯಿರಿ. ಶೀಟು ನಿಮಗೂ ಹಾವಿಗೂ ನಡುವೆ ಗುರಾಣಿಯಾಗಿ ನಿಲ್ಲುತ್ತದೆ, ಹಾವು ಆಚೆಗೆ ಹರಿದುಹೋಗುತ್ತದೆ.

ಮಕ್ಕಳು ಆಡುವ ಅಂಗಳವಿದ್ದರೆ ಅಷ್ಟಕ್ಕೆ ಬೇಲಿ ಹಾಕಬಹುದು. ಕಾಲಿಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ಬೇಕು, ನೆಲದ ಮೇಲೆ 3 ಅಡಿ, ನೆಲದೊಳಗೆ 6 ಇಂಚು, ಮೇಲ್ತುದಿ ಹೊರಕ್ಕೆ ವಾಲಿರಬೇಕು. ಗೇಟಿನ ಅಡಿಯ ಸಂದು ಮುಚ್ಚದಿದ್ದರೆ ಎಲ್ಲ ಖರ್ಚೂ ದಂಡ. ಇಡೀ ರಾಂಚಿಗೆ ಇಂಥ ಬೇಲಿ ಹಾಕುವ ಯೋಚನೆ ಬೇಡ.

ಪ್ರಶ್ನೆ: ಮೇವಿಲ್ಲದ್ದರಿಂದ ಇಲ್ಲಿಯವರಂತೆ ನಾವೂ ಪಾಪಾಸುಕಳ್ಳಿಯ ಮುಳ್ಳು ಸುಟ್ಟು ದನಗಳಿಗೆ ಹಾಕಬೇಕೆಂದಿದ್ದೇವೆ. ಅದರಲ್ಲಿ ಹಾವಿನ ಅಪಾಯ ಎಷ್ಟು?

ಉತ್ತರ: ಬಹಳ. ದಕ್ಷಿಣ ಟೆಕ್ಸಸ್‌ನಲ್ಲಿ ಬರಗಾಲಕ್ಕೆ ಇದು ಹಳೆಯ ದಾರಿ, ಪ್ರೊಪೇನ್ ಬರ್ನರಿನ ಜ್ವಾಲೆಯನ್ನು ಎಲೆಗಳ ಮೇಲೆ ಆಡಿಸಿ ಮುಳ್ಳನ್ನಷ್ಟೇ ಸುಡುವುದು. ಆದರೆ ಕಳ್ಳಿ ಮೆಳೆಯ ಬುಡದಲ್ಲಿ ವುಡ್‌ರ‍್ಯಾಟ್ ಎಂಬ ಇಲಿ ಕಡ್ಡಿ, ಒಣ ಸಗಣಿ, ಕಳ್ಳಿ ತುಂಡುಗಳನ್ನು ಗುಡ್ಡೆ ಹಾಕಿ ಗೂಡು ಮಾಡುತ್ತದೆ. ಹಾವಿಗೆ ಅಲ್ಲೇ ಊಟ, ಅಲ್ಲೇ ನೆರಳು. ಅದಕ್ಕಿಂತ ದೊಡ್ಡ ತೊಡಕು ಬರ್ನರಿನ ಭೋರ್ಗರೆತ. ಗಿಲಿಕೆಯ ಸದ್ದು ಅದರಲ್ಲಿ ಕೇಳಿಸುವುದೇ ಇಲ್ಲ.

ಬರ್ನರ್ ಹಚ್ಚುವ ಮೊದಲು ಮೆಳೆಯ ಸುತ್ತ ದೂರದಿಂದ ಒಂದು ಸುತ್ತು ಬನ್ನಿ, ಎಂಟು ಅಡಿಯ ಕೋಲಿನಿಂದ ಬುಡವನ್ನು ತಟ್ಟಿ, ಸುಮ್ಮನೆ ನಿಂತು ಆಲಿಸಿ. ಕಡ್ಡಿಗಳ ಗುಡ್ಡೆ ಕಂಡ ಮೆಳೆಯನ್ನು ಬಿಟ್ಟು ಮುಂದೆ ಹೋಗಿ, ಕಳ್ಳಿಗೇನು ಅಲ್ಲಿ ಬರವಿಲ್ಲ. ಒಂದೇ ಕಡೆಯಿಂದ ಸುಡುತ್ತ ಬನ್ನಿ, ಹಾವು ಹೋಗಲು ಇನ್ನೊಂದು ಕಡೆ ತೆರೆದಿರಲಿ. ನೆಲವನ್ನಷ್ಟೇ ನೋಡುತ್ತಿರಲು ಜೊತೆಗೊಬ್ಬರು ಬೇಕು. ಮಂಡಿವರೆಗಿನ ಹಾವು ನಿರೋಧಕ ಕಾಲುಪಟ್ಟಿ ಇಲ್ಲದೆ ಮೆಳೆಯ ಹತ್ತಿರ ಹೋಗಲೇಬೇಡಿ. ಬರದಲ್ಲಿ ಕೌಂಟಿಗಳು (ಅಲ್ಲಿಯ ಜಿಲ್ಲಾಡಳಿತಗಳು) ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತವೆ, ಆದ್ದರಿಂದ ಮೊದಲು ಕೌಂಟಿ ಕಚೇರಿಗೆ ಫೋನ್ ಮಾಡಿ ಕೇಳಿ.

ಪ್ರಶ್ನೆ: ಎದುರಾದಾಗ ಏನು ಮಾಡಬೇಕು? ಗಿಲಿಕೆ ಅಲ್ಲಾಡಿಸಿ ಎಚ್ಚರಿಸುತ್ತದೆ ಅಲ್ಲವೇ?

ಉತ್ತರ: ಎಷ್ಟೋ ಸಲ ಎಚ್ಚರಿಸುವುದಿಲ್ಲ. ಮಣ್ಣಿನ ಬಣ್ಣಕ್ಕೆ ಹೊಂದಿಕೊಂಡು ಅಲುಗಾಡದೆ ಮಲಗುವುದೇ ಅದರ ಮೊದಲ ಉಪಾಯ. ಗಿಲಿಕೆ ನಮ್ಮ ಉಗುರಿನಂಥದೇ ವಸ್ತು, ಪೊರೆ ಬಿಟ್ಟಾಗಲೆಲ್ಲ ಒಂದು ಗೆಣ್ಣು ಸೇರುತ್ತದೆ, ತುದಿಯವು ಮುರಿದು ಬೀಳುತ್ತವೆ. ಗೆಣ್ಣು ಎಣಿಸಿ ವಯಸ್ಸು ಹೇಳುವುದು ಸುಳ್ಳು. ಬೇಸಿಗೆಯ ಕೊನೆಗೆ ಹುಟ್ಟುವ ಮರಿಯ ಬಾಲದಲ್ಲಿ ಗುಂಡಿಯಂಥ ಒಂದೇ ಗೆಣ್ಣು ಇರುವುದರಿಂದ ಸದ್ದೇ ಬರುವುದಿಲ್ಲ, ಆದರೆ ವಿಷ ಹುಟ್ಟಿನಿಂದಲೇ ಇರುತ್ತದೆ. ಮರಿಯ ಕಡಿತವೇ ಹೆಚ್ಚು ಅಪಾಯ ಎಂಬ ಮಾತೂ ನಿಜವಲ್ಲ, ದೊಡ್ಡ ಹಾವು ಬಿಡುವ ವಿಷದ ಪ್ರಮಾಣವೇ ಹೆಚ್ಚು.

ಸದ್ದು ಕೇಳಿದ ಕೂಡಲೇ ಇದ್ದಲ್ಲೇ ನಿಲ್ಲಿ. ಕಿವಿಯನ್ನು ನಂಬಿ ಹೆಜ್ಜೆ ಇಡಬೇಡಿ, ಹಾವನ್ನು ಕಣ್ಣಿಂದ ಹುಡುಕಿ. ನಾವು ಹತ್ತಿರವಾದಂತೆ ಹಾವು ಗಿಲಿಕೆಯ ವೇಗವನ್ನು ಮೆಲ್ಲಗೆ ಏರಿಸಿ, ಆಮೇಲೆ ಒಮ್ಮೆಲೇ ಹೆಚ್ಚಿಸುತ್ತದೆ. ಅದರಿಂದ ದೂರದ ಅಂದಾಜು ತಪ್ಪುತ್ತದೆ. ಹಾವು ಕಂಡ ಮೇಲೆ ನಿಧಾನ ಹಿಂದೆ ಸರಿಯಿರಿ. ಅದು ತನ್ನ ಉದ್ದದ ಮೂರನೇ ಒಂದರಿಂದ ಅರ್ಧದಷ್ಟು ದೂರಕ್ಕೆ ಎರಗಬಲ್ಲದು, ಅಂದರೆ ನಾಲ್ಕಡಿಯ ಹಾವು ಸುಮಾರು ಎರಡಡಿ. ಎಂಟು-ಹತ್ತು ಅಡಿ ಅಂತರ ಬಿಟ್ಟರೆ ನೀವು ಕ್ಷೇಮ, ಹಾವು ತಾನಾಗಿ ಹೋಗುತ್ತದೆ.

ಹೊತ್ತಿನ ಲೆಕ್ಕವೂ ಇರಲಿ. ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ಮೀರಿ ಏರತೊಡಗಿದರೆ ಹಾವಿನ ಜೀವಕ್ಕೇ ಕುತ್ತು. ಹಾಗಾಗಿ ಜುಲೈ-ಆಗಸ್ಟ್‌ನ ಹಗಲಲ್ಲಿ ಅದು ನೆರಳಿನ ಸಂದಿಯಲ್ಲಿರುತ್ತದೆ, ಓಡಾಟವೆಲ್ಲ ಮುಸ್ಸಂಜೆ ಮತ್ತು ರಾತ್ರಿ. ಸಂಜೆ ನೀರು ನೋಡಲು ಚಪ್ಪಲಿಯಲ್ಲಿ, ಟಾರ್ಚ್ ಇಲ್ಲದೆ ಹೋಗುವ ಅಭ್ಯಾಸವನ್ನು ಇವತ್ತೇ ಬಿಡಿ.

ಪ್ರಶ್ನೆ: ಕಚ್ಚಿದರೆ ಊರಿನಲ್ಲಿ ಮಾಡುವಂತೆ ಮೇಲ್ಗಡೆ ಬಿಗಿಯಾಗಿ ಕಟ್ಟಬೇಕೆ? ಭಾರತದಿಂದ ವಿಷಹರ ಚುಚ್ಚುಮದ್ದು ತರಿಸಿ ಇಟ್ಟುಕೊಳ್ಳಬಹುದೇ?

ಉತ್ತರ: ಎರಡೂ ಬೇಡ. ಬಿಗಿಯಾಗಿ ಕಟ್ಟುವುದನ್ನು ಊರಿನಲ್ಲೂ ಮಾಡಬಾರದು, ಇಲ್ಲಂತೂ ಕೂಡದೇ ಕೂಡದು. ಈ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೆಡಿಸುತ್ತದೆ, ಕಟ್ಟು ಹಾಕಿದರೆ ವಿಷ ಅಲ್ಲೇ ನಿಂತು ಕೈಕಾಲು ಕಳೆದುಕೊಳ್ಳುವ ಸಂಭವ ಹೆಚ್ಚುತ್ತದೆ. ಕೊಯ್ಯಬೇಡಿ, ಹೀರಬೇಡಿ, ಮಂಜುಗಡ್ಡೆ ಇಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ವಿಷ ಮೊದಲೇ ರಕ್ತ ಹೆಪ್ಪುಗಟ್ಟದಂತೆ ಮಾಡಿರುತ್ತದೆ.

ಮಾಡಬೇಕಾದ್ದು ಇಷ್ಟು. ಹಾವಿನಿಂದ ದೂರ ಸರಿದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಬಾವು ಏರುವ ಮೊದಲೇ ಉಂಗುರ, ಬಳೆ, ವಾಚು, ಬೂಟು ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಎದೆಯ ಮಟ್ಟದ ಆಸುಪಾಸಿನಲ್ಲಿ ಆನಿಸಿ ಇಡಿ. ಪೆನ್ನಿನಿಂದ ಬಾವಿನ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ, ಕಾಲು ಗಂಟೆಗೊಮ್ಮೆ ಹೊಸ ಗೆರೆ ಎಳೆಯಿರಿ. ಬಾವು ಎಷ್ಟು ಬೇಗ ಏರುತ್ತಿದೆ ಎಂದು ವೈದ್ಯರಿಗೆ ಅದರಿಂದಲೇ ತಿಳಿಯುತ್ತದೆ. 1-800-222-1222 ವಿಷ ನಿಯಂತ್ರಣ ಕೇಂದ್ರದ ಸಂಖ್ಯೆ, ಹಗಲೂ ರಾತ್ರಿ ಸಿಗುತ್ತಾರೆ. ಹಾವನ್ನು ಹಿಡಿದೊಯ್ಯುವುದು ಬೇಡ: ಅಮೆರಿಕದ ಗಿಲಿಕೆ ಹಾವುಗಳಿಗೆಲ್ಲ ಒಂದೇ ಔಷಧ ನಡೆಯುತ್ತದೆ.

ಆ ಔಷಧ ಎರಡು ಬಗೆಯಲ್ಲಿ ಸಿಗುತ್ತದೆ. ಕ್ರೋಫ್ಯಾಬ್ ಆದರೆ ಮೊದಲಿಗೆ 4ರಿಂದ 6 ಸೀಸೆ, ಅನಾವಿಪ್ ಆದರೆ 10 ಸೀಸೆ, ರಕ್ತನಾಳಕ್ಕೆ ಡ್ರಿಪ್ಪಿನಲ್ಲಿ. ಭಾರತದ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು, ಗಿಲಿಕೆ ಹಾವಿಗೆ ಅದನ್ನು ನೆಚ್ಚುವಂತಿಲ್ಲ. ಯಾವ ವಿಷಹರವನ್ನಾದರೂ ಮನೆಯಲ್ಲಿ ಕೊಡುವುದು ಅಪಾಯ, ಅಲರ್ಜಿಯಿಂದ ಉಸಿರು ನಿಂತರೆ ನೋಡಿಕೊಳ್ಳುವವರಿರುವುದಿಲ್ಲ. ಅದರ ಬದಲು ಈ ವಾರವೇ ಹತ್ತಿರದ ಆಸ್ಪತ್ರೆಗಳಿಗೆ ಫೋನ್ ಮಾಡಿ ವಿಷಹರ ದಾಸ್ತಾನು ಯಾರಲ್ಲಿದೆ ಎಂದು ಕೇಳಿ ಬರೆದಿಡಿ. ರಾಂಚಿನ ವಿಳಾಸ ಫಲಕ ರಸ್ತೆಗೆ ಕಾಣುವಂತಿರಲಿ, ಗೇಟಿನ ಸಂಕೇತ ಸಂಖ್ಯೆ ಮನೆಯವರೆಲ್ಲರಿಗೂ ಬಾಯಿಪಾಠವಿರಲಿ. ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಮಂದಿಗೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐದರ ಆಸುಪಾಸು. ಸಕಾಲಕ್ಕೆ ಆಸ್ಪತ್ರೆ ಸೇರಿದ್ದರಿಂದಲೇ ಇಷ್ಟು ಜನ ಉಳಿಯುವುದು. ಮನೆಗೆ ಬಂದ ಮೇಲೂ ಒಂದು ವಾರದೊಳಗೆ ವೈದ್ಯರು ಹೇಳಿದ ದಿನಗಳಂದು ರಕ್ತ ಪರೀಕ್ಷೆ ಮಾಡಿಸಿ, ಹೆಪ್ಪುಗಟ್ಟುವ ಶಕ್ತಿ ಮತ್ತೆ ಕುಸಿಯುವುದುಂಟು.

ಪ್ರಶ್ನೆ: ಕುದುರೆ, ನಾಯಿಗೆ ಕಚ್ಚಿದರೆ?

ಉತ್ತರ: ಕುದುರೆ ಕುತೂಹಲದಿಂದ ಮೂಸಲು ಹೋಗಿ ಮೂತಿಗೇ ಕಚ್ಚಿಸಿಕೊಳ್ಳುತ್ತದೆ. ಕುದುರೆಗೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಹೊಳ್ಳೆ ಊದಿ ಮುಚ್ಚಿದರೆ ಉಸಿರುಕಟ್ಟಿ ಸಾಯುತ್ತದೆ. ಐದಾರು ಇಂಚಿನ ಎರಡು ತುಂಡು ತೋಟದ ಪೈಪು, ಅಂಚನ್ನು ನುಣ್ಣಗೆ ಮಾಡಿ, ಜಾರುವ ಜೆಲ್ಲಿ ಮತ್ತು ಅಗಲ ಟೇಪಿನ ಜೊತೆ ಲಾಯದಲ್ಲಿಡಿ. ಬಾವು ಪೂರ್ತಿ ಏರುವ ಮೊದಲೇ ಹೊಳ್ಳೆಗಳಿಗೆ ಒಂದೊಂದು ತೂರಿಸಿ ಟೇಪು ಸುತ್ತಬೇಕು. ಒಮ್ಮೆ ಪಶುವೈದ್ಯರಿಂದಲೇ ಕಲಿತಿಟ್ಟುಕೊಳ್ಳಿ. ದೊಡ್ಡ ದನಗಳು ಸಾಮಾನ್ಯವಾಗಿ ಬದುಕುತ್ತವೆ, ಕರುಗಳದ್ದೇ ಚಿಂತೆ. ನಾಯಿಗೆ ಲಸಿಕೆಯೊಂದಿದೆ, ಅದು ಎಷ್ಟು ಕಾಪಾಡುತ್ತದೆ ಎಂಬುದಕ್ಕೆ ಪುರಾವೆ ಕಡಿಮೆ. ಲಸಿಕೆ ಹಾಕಿಸಿದ್ದರೂ ಕಚ್ಚಿದೊಡನೆ ವೈದ್ಯರಲ್ಲಿಗೆ ಒಯ್ಯಲೇಬೇಕು.

ಪ್ರಶ್ನೆ: ನುಸಿ ಗುಳಿಗೆ, ಗಂಧಕ ಹಾಕಿದರೆ ಹಾವು ಬರುವುದಿಲ್ಲವಂತೆ. ಬಿಲಕ್ಕೆ ಪೆಟ್ರೋಲ್ ಸುರಿಯಿರಿ ಎಂದೂ ಹೇಳುತ್ತಾರೆ.

ಉತ್ತರ: ನುಸಿ ಗುಳಿಗೆ, ಗಂಧಕ ಎರಡೂ ಹಾವನ್ನು ತಡೆಯುವುದಿಲ್ಲ, ಗುಳಿಗೆ ಮಕ್ಕಳ ಬಾಯಿಗೆ ಹೋದರೆ ವಿಷ. ಪೆಟ್ರೋಲಿನ ಮಾತಂತೂ ಬಿಡಿ. ಬಿರುಕು ಬಿಟ್ಟ ಸುಣ್ಣಕಲ್ಲಿನ ನೆಲವಾದರೆ ಸುರಿದದ್ದು ಅಂತರ್ಜಲಕ್ಕೆ ಇಳಿಯುತ್ತದೆ, ನಿಮ್ಮ ಬೋರ್‌ವೆಲ್ಲಿಗೂ ಬರಬಹುದು. ಅಂಗಳದಲ್ಲೇ ಬೀಡುಬಿಟ್ಟ ಹಾವನ್ನು ಸಾಗಿಸಲು ತರಬೇತಾದವರನ್ನು ಕರೆಸಿ. ಕೊಂದ ಹಾವನ್ನೂ ಕೈಯಿಂದ ಮುಟ್ಟಬೇಡಿ. ಕತ್ತರಿಸಿದ ತಲೆ ಒಂದು ಗಂಟೆ ಕಳೆದ ಮೇಲೂ ಕಚ್ಚಬಲ್ಲದು, ಸಲಿಕೆಯಿಂದ ಎತ್ತಿ ಆಳವಾಗಿ ಹೂಳಬೇಕು.