ಗಂಟೆಗೊಂದು ಟೋಲ್ ಯಾಕೆ?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದ ಕೊರೋನಾ ಎಂಬ ಊರಲ್ಲಿದ್ದಾಳೆ. ಹೋದ ವರ್ಷ ಮೂರು ತಿಂಗಳು ಅಲ್ಲಿದ್ದೆ. ಅಳಿಯ ದಿನಾ 91ನೇ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಆ ಹೆದ್ದಾರಿಯ ನಡುವೆ ಟೋಲ್ ಲೇನ್ ಇದೆ. ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಇನ್ನೊಂದು, ಶುಕ್ರವಾರ ಸಂಜೆ ವಾಪಸ್ ಬರುವಾಗಂತೂ ತುಂಬಾ ಜಾಸ್ತಿ. ರಸ್ತೆ ಅದೇ, ಕಾರೂ ಅದೇ. ಜನ ಸಿಕ್ಕಿಹಾಕಿಕೊಂಡಿದ್ದಾಗ ದುಡ್ಡು ಕೀಳುವುದಲ್ವಾ ಇದು?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಹಾಗನಿಸುವುದು ಸಹಜ. ನಮಗೆ ತಕ್ಷಣ ನೆನಪಾಗುವುದು ಹಬ್ಬದ ಹಿಂದಿನ ದಿನದ ಖಾಸಗಿ ಬಸ್ಸಿನ ಟಿಕೆಟ್ ದರ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಬಸ್ಸಿನವರು ಎಷ್ಟೇ ಏರಿಸಿದರೂ ಸೀಟು ಇದ್ದಷ್ಟೇ ಇರುತ್ತದೆ. ರಸ್ತೆಯಲ್ಲಿ ಸರಿಯಾದ ಹೊತ್ತಿಗೆ ರೇಟು ಏರಿಸಿದರೆ ಅದೇ ಲೇನಿನಲ್ಲಿ ಇನ್ನೂ ಹೆಚ್ಚು ಗಾಡಿಗಳು ದಾಟುತ್ತವೆ.

ಹೇಗೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಲ್ ಹೊಡೆದ ಕೂಡಲೇ ಮಕ್ಕಳೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿದರೆ ಯಾರೂ ಹೊರಗೆ ಬರುವುದಿಲ್ಲ, ಸಾಲಾಗಿ ಬಿಟ್ಟರೆ ಎರಡು ನಿಮಿಷದಲ್ಲಿ ಕ್ಲಾಸು ಖಾಲಿ. ಹೆದ್ದಾರಿಯೂ ಹಾಗೇ. ಒಂದು ಲೇನಿನಲ್ಲಿ ಗಂಟೆಗೆ ಸುಮಾರು 2000 ಗಾಡಿಗಳು ಸಲೀಸಾಗಿ ಹೋಗಬಹುದು. ಅದರ ಮೇಲೆ ಇನ್ನಷ್ಟು ನುಗ್ಗಿದರೆ ಮುಂದಿನವನು ಸ್ವಲ್ಪ ಬ್ರೇಕ್ ಹಾಕುತ್ತಾನೆ, ಹಿಂದಿನವನು ಇನ್ನೂ ಜೋರಾಗಿ ಹಾಕುತ್ತಾನೆ, ಅವನ ಹಿಂದಿನವನು ನಿಂತೇಬಿಡುತ್ತಾನೆ, ಹೀಗೆ ಒಂದು ಸಲ ಕಟ್ಟಿಕೊಂಡಿತು ಅಂದರೆ ಆ ಲೇನಿನಲ್ಲಿ ಮೊದಲು ಹೋಗುತ್ತಿದ್ದಷ್ಟು ಗಾಡಿಗಳೂ ಹೋಗುವುದಿಲ್ಲ. ಆದ್ದರಿಂದ ಎಲ್ಲರನ್ನೂ ಓಡಿಸಬೇಕಾಗಿಲ್ಲ. ಅರ್ಜೆಂಟ್ ಇಲ್ಲದ ಸ್ವಲ್ಪ ಜನ ಒಂದು ಗಂಟೆ ಹಿಂದೆ ಮುಂದೆ ಹೊರಟರೆ ಸಾಕು. ಏರುವ ಟೋಲ್ ಮಾಡಬೇಕಾದದ್ದು ಇಷ್ಟೇ ಕೆಲಸ.

ನಿಮ್ಮ ಅಳಿಯ ಓಡಾಡುವ ಆ ಲೇನ್‌ಗಳು ಶುರುವಾಗಿದ್ದು 1995ರ ಡಿಸೆಂಬರ್‌ನಲ್ಲಿ. ಮೊದಲು ಸುಮಾರು 16 ಕಿಲೋಮೀಟರ್, 2017ರಲ್ಲಿ ಕೊರೋನಾ ಕಡೆಗೂ ಮುಂದುವರಿಸಿದರು. ಮೊದಲ ದಿನದಿಂದಲೂ ಅಲ್ಲಿ ಟೋಲ್ ಬೂತ್ ಇಲ್ಲ. ನಮ್ಮ ಫಾಸ್ಟ್ಯಾಗ್ ಥರದ್ದೇ ಒಂದು ಸಾಧನ ಕಾರಿನಲ್ಲಿರುತ್ತದೆ. ಯಾವ ದಿನ ಯಾವ ಗಂಟೆಗೆ ಎಷ್ಟು ಅಂತ ಪಟ್ಟಿ ಇರುತ್ತದೆ. ಗಾಡಿಗಳನ್ನು ಎಣಿಸುತ್ತಾ ಇರುತ್ತಾರೆ, ಯಾವುದೋ ಒಂದು ಗಂಟೆ ಮಿತಿ ಮೀರಿ ತುಂಬುತ್ತಿದ್ದರೆ ಆ ಗಂಟೆಗೆ ರೇಟು ಏರುತ್ತದೆ, ಖಾಲಿ ಹೊಡೆಯುತ್ತಿದ್ದರೆ ಇಳಿಯುತ್ತದೆ. ಇನ್ನೊಂದು ವಿಷಯ ಅಳಿಯನಿಗೆ ಹೇಳಿ: ಕಾರಿನಲ್ಲಿ ಮೂರು ಜನ ಇದ್ದರೆ ಹೆಚ್ಚಿನ ಹೊತ್ತು ಟೋಲೇ ಇಲ್ಲ. ಆಫೀಸಿನ ಇಬ್ಬರನ್ನು ಹತ್ತಿಸಿಕೊಂಡರೆ ಆಯ್ತು.

ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಆ ಲೇನ್ ಕಟ್ಟಿದ್ದು ಒಂದು ಖಾಸಗಿ ಕಂಪನಿ. ಅವರ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಪಕ್ಕದ ಉಚಿತ ರಸ್ತೆಯನ್ನು ಸರ್ಕಾರ ಅಗಲ ಮಾಡುವ ಹಾಗಿಲ್ಲ. ಅಂದರೆ ಉಚಿತ ರಸ್ತೆ ಜಾಮ್ ಆದಷ್ಟೂ ಕಂಪನಿಗೆ ಲಾಭ. ಜನ ರೊಚ್ಚಿಗೆದ್ದರು, ಏಳಲೇಬೇಕಿತ್ತು. ಕೊನೆಗೆ 2003ರಲ್ಲಿ ಆರೆಂಜ್ ಕೌಂಟಿಯ ಸಾರಿಗೆ ಪ್ರಾಧಿಕಾರ 20 ಕೋಟಿ 75 ಲಕ್ಷ ಡಾಲರ್ ಕೊಟ್ಟು ಆ ಲೇನ್‌ಗಳನ್ನು ಕೊಂಡುಕೊಂಡಿತು, ಷರತ್ತೂ ಹೋಯಿತು. ಟೋಲ್ ಏರಿಸುವ ಅಧಿಕಾರ ಯಾರ ಕೈಯಲ್ಲಿದೆ, ಜಾಮ್ ಆದರೆ ಅವರಿಗೆ ಲಾಭವೋ ನಷ್ಟವೋ, ಇದನ್ನು ನಾನು ಮೊದಲು ನೋಡುತ್ತೇನೆ.

ಪ್ರಶ್ನೆ: ಇದೆಲ್ಲ ಸಾಹುಕಾರರಿಗೆ ಸರಿ ಸಾರ್. ದುಡ್ಡು ಬಿಸಾಕಿ ಹೋಗ್ತಾರೆ. ನಮ್ಮಂಥವರ ಗತಿ?
– ಕ್ಯಾಬ್ ಚಾಲಕರು, ಬೆಂಗಳೂರು

ಉತ್ತರ: ಈ ವಿಷಯದಲ್ಲಿ ಬಹಳ ಮುಖ್ಯವಾದ ಪ್ರಶ್ನೆ ಇದೇ ಅಣ್ಣ. ನಿಮ್ಮ ಕಷ್ಟ ಇನ್ನೂ ಒಂದು ಕೈ ಜಾಸ್ತಿ, ಯಾಕೆಂದರೆ ಹೊರಡುವ ಹೊತ್ತು ಆರಿಸುವುದು ನೀವಲ್ಲ, ಗಿರಾಕಿ. ಹಾಗಾಗಿ ಏರಿದ ಟೋಲ್ ಗಿರಾಕಿಯ ಬಿಲ್ಲಿಗೆ ಹೋಗಲೇಬೇಕು. ನಿಮ್ಮ ಜೇಬಿನಿಂದ ಹೋಗುವ ಹಾಗಿದ್ದರೆ ಅಂಥ ಟೋಲ್ ಬೇಡವೇ ಬೇಡ. 91ರಲ್ಲಿ ಉಳ್ಳವರೇ ಹೆಚ್ಚು ಸಲ ಟೋಲ್ ಲೇನ್ ಹಿಡಿಯುತ್ತಾರೆ ಅನ್ನುವುದೂ ನಿಜ. ಆದರೆ ಪಕ್ಕದಲ್ಲೇ ಉಚಿತ ಲೇನ್‌ಗಳಿವೆ, ಕಡಿಮೆ ಸಂಬಳದವರೂ ತೀರಾ ಅವಸರ ಇದ್ದ ದಿನ ಮಾತ್ರ ದುಡ್ಡು ಕೊಟ್ಟು ಹೋಗುತ್ತಾರೆ.

ಉಚಿತ ದಾರಿಯೇ ಇಲ್ಲದ ಕಡೆ? ಸ್ವೀಡನ್ನಿನ ಸ್ಟಾಕ್‌ಹೋಮ್ ನೋಡಿ. ಊರೊಳಗೆ ಹೋಗುವ, ಬರುವ ಗಾಡಿಗಳಿಗೆ ಹೊತ್ತಿಗೆ ತಕ್ಕ ಶುಲ್ಕವನ್ನು 2006ರ ಜನವರಿಯಲ್ಲಿ ಪರೀಕ್ಷೆಗೆ ಅಂತ ಶುರು ಮಾಡಿದರು. ಅದಕ್ಕೂ ಮೊದಲೇ, 2005ರ ಆಗಸ್ಟ್‌ನಲ್ಲೇ, ಹೆಚ್ಚುವರಿ ಬಸ್ಸು ಬಿಟ್ಟಿದ್ದರು. ಮೊದಲು ಬಸ್ಸು, ಆಮೇಲೆ ಶುಲ್ಕ. ಶುಲ್ಕದ ಗಡಿ ದಾಟುವ ಗಾಡಿಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ಜುಲೈ ಕೊನೆಗೆ ಶುಲ್ಕ ನಿಲ್ಲಿಸಿದ ಮೇಲೆ ಗಾಡಿಗಳು ಮತ್ತೆ ಏರಿದವು. ಸೆಪ್ಟೆಂಬರ್‌ನಲ್ಲಿ ಜನರನ್ನೇ ಕೇಳಿದರು. ಪರೀಕ್ಷೆಗೆ ಮೊದಲು ಹೆಚ್ಚಿನವರು ಬೇಡ ಅನ್ನುತ್ತಿದ್ದ ಊರು ಈ ಸಲ ಬೇಕು ಅಂತ ಮತ ಹಾಕಿತು, 2007ರ ಆಗಸ್ಟ್‌ನಿಂದ ಅದು ಕಾಯಂ. ಆರೇಳು ತಿಂಗಳು ತಮ್ಮ ಕಣ್ಣಾರೆ ನೋಡಿದ್ದರಿಂದ ಜನರ ಮನಸ್ಸು ಬದಲಾಯಿತು ಅಂತ ನಾನು ನಂಬುತ್ತೇನೆ.

ಪ್ರಶ್ನೆ: ಭಾನುವಾರ ಸಂಜೆ ಮೈಸೂರಿನಿಂದ ಬೆಂಗಳೂರಿಗೆ ಬರುವುದೇ ಸಾಕುಸಾಕಾಗುತ್ತದೆ. ಇಲ್ಲೂ ಹೀಗೆ ಮಾಡಬಹುದಾ?
– ಗೃಹಿಣಿ, ವಿಜಯನಗರ

ಉತ್ತರ: ಮಾಡಲು ತಾಂತ್ರಿಕ ತೊಂದರೆ ಏನಿಲ್ಲ ಮೇಡಂ, 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ ಆಗಿದೆಯಲ್ಲ. ಆದರೆ ನಮ್ಮ ಹೆದ್ದಾರಿ ಟೋಲ್ ಲೆಕ್ಕವೇ ಬೇರೆ. ರಸ್ತೆ ಎಷ್ಟು ಉದ್ದ, ಗಾಡಿ ಎಷ್ಟು ದೊಡ್ಡದು, ಮುಖ್ಯವಾಗಿ ಇದನ್ನೇ ನೋಡುತ್ತಾರೆ. ನಡುರಾತ್ರಿ ಮೂರಕ್ಕೂ ಭಾನುವಾರ ಸಂಜೆ ಏಳಕ್ಕೂ ಒಂದೇ ರೇಟು. 2025ರ ಆಗಸ್ಟ್ 15ರಂದು 3000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ತೆಗೆದುಕೊಂಡವರಿಗಂತೂ 200 ಸಲ ದಾಟುವವರೆಗೆ ಯಾವ ಹೊತ್ತಾದರೂ ಒಂದೇ.

ಸುಮ್ನೆ ಭಾನುವಾರದ ಟೋಲ್ ಏರಿಸುವುದು ನನಗೆ ಒಪ್ಪಿಗೆ ಇಲ್ಲ. ನೀವು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಟೋಲ್ ದಾಟಿದ ಮೇಲೆ, ಕೆಂಗೇರಿಯಿಂದ ಊರೊಳಗೆ ಬರುವಾಗ ಅಲ್ವಾ? ಟೋಲ್ ಏರಿಸಿದರೆ ಕಾರುಗಳು ಹಳೇ ರಸ್ತೆಗೆ ಇಳಿದು ಮದ್ದೂರು, ಚನ್ನಪಟ್ಟಣ, ರಾಮನಗರದವರ ಮನೆ ಮುಂದೆ ನಿಲ್ಲುತ್ತವೆ. ಅದರ ಬದಲು ರಾತ್ರಿ ಒಂಬತ್ತೂವರೆ ಮೇಲೆ ದಾಟುವವರಿಗೆ ಅರ್ಧ ರೇಟು ಅಂತ ಮಾಡಿ, ಜೊತೆಗೆ ಭಾನುವಾರ ಸಂಜೆ ಮೈಸೂರಿನಿಂದ ಇನ್ನೆರಡು ರೈಲು ಬಿಟ್ಟು, ಸ್ಟಾಕ್‌ಹೋಮಿನವರ ಹಾಗೆ ಆರು ತಿಂಗಳು ನೋಡಲಿ. ಮೈಸೂರಲ್ಲೇ ಊಟ ಮುಗಿಸಿಕೊಂಡು ನಿಧಾನಕ್ಕೆ ಹೊರಡಲು ತುಂಬಾ ಜನ ತಯಾರಿರುತ್ತಾರೆ.