ಸಫಾರಿಗೆ ಹೋಗದೆ ಹಕ್ಕಿ, ಮರ, ಆಕಾಶ ನೋಡುವುದು ಹೇಗೆ?

ಎರಡನೇ ಮಹಡಿಯ ಬಾಡಿಗೆ ಮನೆ, ವಾರಕ್ಕೊಂದೇ ರಜೆ, ಸಫಾರಿಗೆ ದುಡ್ಡೂ ಇಲ್ಲ ಪುರುಸೊತ್ತೂ ಇಲ್ಲ, ಕಾಗೆ ಪಾರಿವಾಳ ಬಿಟ್ಟರೆ ಮೂರನೇ ಹಕ್ಕಿಯ ಹೆಸರು ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನೂ ಬೆಂಗಳೂರಿನಲ್ಲಿ ಇಂಥದೇ ಮನೆಯಲ್ಲಿದ್ದೇನೆ. ಸಫಾರಿ ತಪ್ಪಿತೆಂದು ಕೊರಗಬೇಡಿ. ನಾನು ಹೋದ ಎರಡು ಸಲವೂ ಕಂಡದ್ದು ಮುಂದಿನ ಜೀಪಿನವರ ಬೆನ್ನು.

ಮನೆ ಹತ್ತಿರದ ಒಂದು ಮರ ಗೊತ್ತು ಮಾಡಿಕೊಳ್ಳಿ. ನನ್ನದು ಹೊಂಗೆ, ಬಾಲ್ಕನಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೊದಲ ವರ್ಷ ಅದರ ಎಲೆ ನೋಡಿ ಮರಕ್ಕೆ ರೋಗ ಬಂದಿದೆ ಎಂದುಕೊಂಡಿದ್ದೆ. ತುಂಬ ಬಿಳಿ ಗೀಚು, ಮೇಲೆ ಸಣ್ಣ ಸಣ್ಣ ಗಂಟು. ಆಮೇಲೆ ತಿಳಿಯಿತು, ಗೀಚು ಎಲೆಯ ಒಳಗೇ ಸೇರಿಕೊಂಡು ಮೇಯುತ್ತಾ ಹೋಗುವ ಹುಳು ಬಿಟ್ಟ ದಾರಿ. ಗಂಟುಗಳು ಕಣ್ಣಿಗೆ ಕಾಣದ ನುಸಿಗಳ ಮನೆ. ಒಂದು ಎಲೆಯಲ್ಲಿ ಎರಡು ಸಂಸಾರ! ಬೇಸಿಗೆ ಹತ್ತಿರವಾದಂತೆ ಈ ಹಳೆ ಎಲೆಯೆಲ್ಲ ಉದುರಿ, ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂತೆ ಹೊಳೆಯುವ ಎಳೆ ಎಲೆ ಬರುತ್ತದೆ. ಹಿಂದೆಯೇ ಹೂವು. ಬೆಳಿಗ್ಗೆ ಎದ್ದು ನೋಡಿದರೆ ಸ್ಕೂಟರು, ಮೋರಿ, ಕಾರಿನ ಗಾಜು ಎಲ್ಲದರ ಮೇಲೂ ಮಂಡಕ್ಕಿ ಚೆಲ್ಲಿದ ಹಾಗಿರುತ್ತದೆ. ಕಾರಿನವರು ಬೈಯುತ್ತಾರೆ, ಬೈಯಲಿ. ಚಿಗುರು, ಹೂವು, ಕಾಯಿಯ ಲೆಕ್ಕ ಬರೆದಿಡುವ ಆಸೆ ಬಂದರೆ ಸೀಸನ್‌ವಾಚ್ ಎಂಬ ಯೋಜನೆಯಿದೆ; ಒಂದು ಮರ ನೋಂದಾಯಿಸಿ ವಾರವಾರ ಗುರುತು ಹಾಕುತ್ತಾ ಹೋಗಬಹುದು.

ಮರ ಪರಿಚಯವಾದರೆ ಹಕ್ಕಿ ತಾನಾಗಿ ಬರುತ್ತದೆ. ಆದರೆ ಕಣ್ಣಿಗಿಂತ ಮೊದಲು ಕಿವಿಗೆ. 'ಕುಟ್ರೂ ಕುಟ್ರೂ' ಎಂದು ಬೆಳಗಿನಿಂದ ಒಂದೇ ಸಮ ಕೂಗುವ ದನಿ ನಿಮ್ಮ ಬೀದಿಯಲ್ಲೂ ಇರಬಹುದು. ಅದು ಕುಟ್ರುಹಕ್ಕಿ. ನಾನು ಅದನ್ನು ಒಂದು ತಿಂಗಳು ಹುಡುಕಿದೆ. ಮೈ ಎಲೆಯಷ್ಟೇ ಹಸಿರು, ತಲೆ ಕಂದು. ಕೂಗುವಾಗ ಕದಲುವುದೂ ಇಲ್ಲ. ಕೊನೆಗೆ ಕಂಡದ್ದು ಒಣಗಿದ ಕೊಂಬೆಯಲ್ಲಿ ಗೂಡಿಗಾಗಿ ತೂತು ಕೊರೆಯುತ್ತಿದ್ದಾಗ. ಮರು ವರ್ಷ ಯಾರೋ ಬಂದು 'ಒಣಗಿದ್ದಲ್ವಾ ಸಾರ್' ಎಂದು ಆ ಕೊಂಬೆಯನ್ನೇ ಕಡಿದು ಹಾಕಿದರು. ಒಣಕೊಂಬೆಗೂ ಬಾಡಿಗೆದಾರರಿರುತ್ತಾರೆ ಎಂದು ಹೇಳುವಷ್ಟರಲ್ಲಿ ಗರಗಸದ ಕೆಲಸ ಮುಗಿದಿತ್ತು.

ದನಿ ಯಾವುದೆಂದು ಗೊತ್ತಾಗದಿದ್ದರೆ ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆಪ್ ಕೇಳಿಸಿಕೊಂಡು ಹೆಸರು ಹೇಳುತ್ತದೆ, ಪುಕ್ಕಟೆ. ಅದು ಹೇಳಿದ್ದನ್ನು ಕಣ್ಣಲ್ಲಿ ಕಂಡ ಮೇಲೆ ನಂಬಿ. ಬೈನಾಕ್ಯುಲರ್ ಆರು ತಿಂಗಳು ಬಿಟ್ಟು ತೆಗೆದುಕೊಂಡರಾಯಿತು, ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಸಾಕು.

ಆಕಾಶದ ಪಾಠ ನನಗಾದದ್ದು ಅವ್ವನ ಮಳೆ ಲೆಕ್ಕದಿಂದ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅನ್ನುತ್ತಿದ್ದಳು. ಮೇ ಕೊನೆಗೆ ರೋಹಿಣಿ ಮಳೆ ಹೂಡಿದಾಗ ಮಾಳಿಗೆ ಹತ್ತಿ ಆ ನಕ್ಷತ್ರ ಹುಡುಕಿದೆ, ಸಿಗಲಿಲ್ಲ. ಸಿಗುವುದೂ ಇಲ್ಲ. ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿರುತ್ತಾನೋ ಆ ಹದಿಮೂರು-ಹದಿನಾಲ್ಕು ದಿನದ ಮಳೆಗೆ ಅದರ ಹೆಸರು; ಹಾಗಾಗಿ ಹೆಸರು ಕೊಟ್ಟ ನಕ್ಷತ್ರ ಅಷ್ಟೂ ದಿನ ಸೂರ್ಯನ ಬೆಳಕಲ್ಲೇ ಮುಳುಗಿರುತ್ತದೆ. ಅದನ್ನು ನೋಡಬೇಕಾದರೆ ಜನವರಿಯ ರಾತ್ರಿ ಎಂಟರ ಹೊತ್ತಿಗೆ ಟೆರೇಸಿಗೆ ಹೋಗಿ. ಒಂದೇ ಸಾಲಿನಲ್ಲಿ ಮೂರು ಚುಕ್ಕಿ ಕಾಣುತ್ತವೆ, ಬೆಂಗಳೂರಿನ ದೀಪಗಳ ನಡುವೆಯೂ. ಆ ಸಾಲನ್ನೇ ಮೇಲಕ್ಕೆ ಎಳೆದರೆ ಕೆಂಪಗಿರುವುದು ರೋಹಿಣಿ, ಇನ್ನೂ ಮುಂದಕ್ಕೆ ಗುಂಪಾಗಿ ಕೃತ್ತಿಕೆ. ಕೆಳಕ್ಕೆ ಎಳೆದರೆ ರಾತ್ರಿ ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರವಾದ ಲುಬ್ಧಕ. ಮೂರು ಚುಕ್ಕಿಯ ಪಕ್ಕದಲ್ಲಿ ಕೆಂಪಗೆ ಮಿನುಗುವುದು ಆರಿದ್ರಾ. ಅವ್ವನ ಮಳೆಗಳೆಲ್ಲ ಚಳಿಗಾಲದಲ್ಲಿ ಸಾಲಾಗಿ ನಿಂತಿರುತ್ತವೆ.

ಪ್ರಯಾಣಕ್ಕೆ ನನ್ನದು ಒಂದೇ ನಿಯಮ: ಕಿಟಕಿ ಸೀಟು, ಕಣ್ಣು ಕರೆಂಟ್ ತಂತಿಯ ಮೇಲೆ. ಕವಲು ಬಾಲದ ಕರಿ ಕಾಜಾಣ, ಬೆನ್ನೆಲ್ಲ ನೀಲಿಯ ಮಿಂಚುಳ್ಳಿ, ಎರಡನ್ನೂ ಓಡುವ ಬಸ್ಸಿನಿಂದಲೇ ಗುರುತಿಸಬಹುದು. ಚಳಿಗಾಲದಲ್ಲಿ ಗದಗ ಕಡೆ ಹೋಗುವುದಿದ್ದರೆ ಮಾಗಡಿ ಕೆರೆಗೆ ಒಂದು ಬೆಳಿಗ್ಗೆ ಕೊಡಿ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಅಲ್ಲಿ ಕೂತಿರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೂ ಸೇರಿತು.

ನಿಮಗಿರುವ ಒಂದು ರಜೆಯಲ್ಲೇ ಹೋಗಿ ಬರಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗಿ. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟಿರುತ್ತವೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಟಿಕೆಟ್ಟೂ ಬೇಡ, ಜೀಪೂ ಬೇಡ. ಟೋಪಿ ಮಾತ್ರ ಬೇಕು, ಮತ್ತು ಮರದ ಕೆಳಗೆ ನಿಂತು ಮೇಲೆ ನೋಡುವಾಗ ಬಾಯಿ ಮುಚ್ಚಿಕೊಂಡಿರಿ. ನಾನು ಮುಚ್ಚಿಕೊಂಡಿರಲಿಲ್ಲ.